ಹೊಟ್ಟೆಪಾಡಿನ ಇಂಗ್ಲಿಷು

ರೇಷ್ಮೆ ಸಾಕುವ ಮನೆಗೆ ಮೊದಲ ಸಲ ಬಂದ ಪಟ್ಟಣದ ನೆಂಟರು "ಹುಳು ಜ್ವರಕ್ಕೆ ಕೂತಿದೆ" ಎಂಬ ಮಾತನ್ನು ಕೇಳಿ ಗಾಬರಿಗೊಳ್ಳುವುದುಂಟು. ಮನೆಯವರಾದರೋ ನಿಶ್ಚಿಂತೆಯಿಂದಿರುವರು. ಅವರ ಬಾಯಲ್ಲಿ ಜ್ವರವೆಂದರೆ ಕಾಯಿಲೆಯಲ್ಲ. ಹುಳು ಮೇವನ್ನು ಬಿಟ್ಟು, ತಲೆಯನ್ನೆತ್ತಿ, ಅಲುಗಾಡದೆ ಇದ್ದು ಹಳೆಯ ಪೊರೆಯನ್ನು ಕಳಚುವ ಕಾಲ. ಹೀಗೆ ನಾಲ್ಕು ಜ್ವರಗಳನ್ನು ಕಳೆದ ಹುಳುವು ಸೊಪ್ಪನ್ನು ಹೊಟ್ಟೆತುಂಬ ತಿಂದು, ಅನಂತರ "ಹಣ್ಣಾಗಿ" ಚಂದ್ರಿಕೆಯನ್ನು ಏರುವುದು. ಜ್ವರ, ಹಣ್ಣು, ಚಂದ್ರಿಕೆ ಇವು ಮೂರೂ ನಮ್ಮ ನಿತ್ಯದ ಕನ್ನಡ ಮಾತುಗಳೇ ಸರಿ. ಆದರೂ ಆ ಕಸುಬಿನ ಹೊಸಿಲನ್ನು ದಾಟಿದೊಡನೆ ಅವುಗಳ ಅರ್ಥವೇ ಬೇರೆಯಾಗಿಬಿಡುವುದು. ಕನ್ನಡದಲ್ಲಿ ಪಂಡಿತನಾದವನೂ ಹುಳುಮನೆಯಲ್ಲಿ ನಾಲ್ಕು ದಿನ ನಿಂತು ಕಲಿಯಬೇಕಾದ ಕನ್ನಡವೊಂದುಂಟು.

ಕನ್ನಡಕ್ಕೆ ಹೇಗೋ ಇಂಗ್ಲಿಷಿಗೂ ಹಾಗೆಯೇ. ಈ ಸಂಗತಿಯನ್ನು ನಮ್ಮ ಮನೆಗಳಲ್ಲಿ ಬಹುಮಂದಿ ಮನಸ್ಸಿಗೆ ತಂದುಕೊಂಡಿಲ್ಲವಾಗಿ, ಈ ತಿಂಗಳು ಅದನ್ನೇ ವಿಚಾರಕ್ಕೆ ತೆಗೆದುಕೊಂಡಿರುವೆವು.

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಹಾರೋಹಳ್ಳಿಯನ್ನು ಕಾಣದವರು ವಿರಳ. ಬಹುಕಾಲ ಕನಕಪುರ ತಾಲ್ಲೂಕಿನ ಒಂದು ಹೋಬಳಿಯಾಗಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕಾಗಿದೆ. 2007ರಲ್ಲಿ ರಚಿತವಾದ ರಾಮನಗರ ಜಿಲ್ಲೆಗೆ ಸೇರಿದ್ದ ಈ ಸೀಮೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರು ಬಂದಿತು. ಹಿಪ್ಪುನೇರಳೆಯ ಸಾಲುಗಳೂ ರಾಗಿಯ ಹೊಲಗಳೂ ಇದ್ದ ಕಡೆಯಲ್ಲಿ ಕೈಗಾರಿಕಾ ಪ್ರದೇಶವು ಎದ್ದು, ಹಲವು ಬಗೆಯ ಕಾರಖಾನೆಗಳು ನೆಲೆಗೊಂಡಿವೆ. ತಂದೆ ಹುಳು ಸಾಕಿದ ಮನೆಯಿಂದ ಮಗನೋ ಮಗಳೋ ಬೆಳಗಿನ ಪಾಳಿಗೆ ಬಸ್ಸೇರುವುದು ಈಗ ಅಲ್ಲಿ ನಿತ್ಯದ ನೋಟ.

ಅಂಥ ಒಂದು ಮನೆಯ ಮಾತನ್ನು ಹೇಳುವೆವು. ಹೆಸರು ಹೇಳುವುದು ಉಚಿತವಲ್ಲ. ರಸಾಯನಶಾಸ್ತ್ರದಲ್ಲಿ ಪದವಿ ಪಡೆದ ಹುಡುಗಿ. ಹಿಂದೆ ಕೆಲಕಾಲ ನಾವು ಆಕೆಯ ತಂದೆಗೆ ಪಾಠ ಹೇಳಿದ್ದೆವಾದ ಕಾರಣ ಆತನು ಈಗಲೂ ನಮ್ಮನ್ನು ಮೇಷ್ಟ್ರೆಂದು ಕರೆಯುವನು, ಮಗಳು ತಾತನೆನ್ನುವಳು. ಔಷಧಿಯ ಕಾರಖಾನೆಯೊಂದರಲ್ಲಿ ಕೆಲಸ ದೊರೆಯುವ ಸಂಭವವಿದ್ದಾಗ ತಂದೆಯು ಸಾಲ ಮಾಡಿ ಅವಳನ್ನು ಮೂರು ತಿಂಗಳು ಇಂಗ್ಲಿಷು ಮಾತಿನ ತರಗತಿಗೆ ಕಳುಹಿಸಿದನು. ತನ್ನ ಪರಿಚಯವನ್ನು ಹೇಳಿಕೊಳ್ಳುವುದು, ಹೋಟೆಲಿನಲ್ಲಿ ಊಟ ಕೇಳುವುದು, ವಿಮಾನ ನಿಲ್ದಾಣದಲ್ಲಿ ದಾರಿ ವಿಚಾರಿಸುವುದು ಇವೆಲ್ಲವನ್ನೂ ಅವಳು ಕಲಿತು ಬಂದಳು. ಕೆಲಸವೂ ದೊರೆಯಿತು. ದೊರೆತ ತಿಂಗಳೊಳಗೆ ಅದನ್ನು ಬಿಡುತ್ತೇನೆಂದು ಅಳುತ್ತ ಕುಳಿತಳು.

"ಅಷ್ಟು ದುಡ್ಡು ಕಟ್ಟಿ ಕಲ್ಸಿದ್ದೂ ನೀರ್ನಾಗೆ ಹೋಮ ಆಯ್ತು ಮೇಷ್ಟ್ರೇ. ಇವಳ ತಲೆಗೇ ಹತ್ತಾಕಿಲ್ಲ ಅಂತ ಕಾಣ್ತದೆ," ಎಂದನು ತಂದೆ.

ನಾವು ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ಕೇಳಿದೆವು. ಮೊದಲ ವಾರದಲ್ಲಿಯೇ ಅವಳ ಕೈಗೆ ಬಂದ ಕೆಲಸದ ಹಾಳೆಯಲ್ಲಿ ಒಂದು ವಸ್ತುವಿನ ಹೆಸರಿನ ಹಿಂದೆ 'ಚಾರ್ಜ್' ಎಂದು ಬರೆದಿದ್ದಿತಂತೆ. ಚಾರ್ಜೆಂದರೆ ದೂರವಾಣಿಗೆ ವಿದ್ಯುತ್ತನ್ನು ತುಂಬುವುದೆಂದೋ, ಕೂಲಿ ಬೆಲೆಯೆಂದೋ ಅವಳು ಬಲ್ಲಳು. ಹಿರಿಯರೊಬ್ಬರನ್ನು ಕೇಳಿದಾಗ ಸುತ್ತಲಿದ್ದವರು ನಕ್ಕರು. ಅಂದಿನಿಂದ ಅವಳು ಯಾರನ್ನೂ ಏನನ್ನೂ ಕೇಳಲಿಲ್ಲ. ಇಷ್ಟಾಗಿದ್ದರೆ ಅದು ಬರಿಯ ಮಾನದ ಪ್ರಶ್ನೆಯಾಗುತ್ತಿದ್ದಿತು. ಆದರೆ ಮುಂದಕ್ಕೆ ಅವಳು ತಲೆ ತಗ್ಗಿಸಿಕೊಂಡು ಹೇಳಿದ ಮಾತು ನಮ್ಮನ್ನು ನಡುಗಿಸಿತು:

"ತಾತ, ಒಂದಿನ ಹಾಳೆ ಪೂರ್ತಿ ಅರ್ಥ ಆಗ್ಲಿಲ್ಲ. ಕೇಳೋಕೆ ನಾಚಿಕೆ. 'ಚೆಕ್ಡ್ ಬೈ' ಅನ್ನೋ ಕಡೆ ಸೈನ್ ಹಾಕ್ಬಿಟ್ಟೆ."

ದೈವಕೃಪೆಯಿಂದ ಆ ದಿನ ಯಾವ ತಪ್ಪೂ ಆಗಿರಲಿಲ್ಲ. ಆದರೂ ಆ ಹಾಳೆ ಎಂಥದು? ಯಾವ ವಸ್ತುವನ್ನು ಎಷ್ಟು ತೂಗಿ ಹಾಕಿದರು, ಅದನ್ನು ಯಾರು ನೋಡಿದರು ಎಂಬುದರ ದಾಖಲೆ. ಅದರ ಕೊನೆಯಲ್ಲಿ ತಯಾರಾಗುವ ಮಾತ್ರೆಯನ್ನು ಯಾವ ಊರಿನ ಯಾವ ತಾಯಿ ತನ್ನ ಮಗುವಿಗೆ ಕೊಡುವಳೋ ಯಾರು ಬಲ್ಲರು! ಅರ್ಥವಾಗದ ಮಾತಿನ ಕೆಳಗೆ ನಾಚಿಕೆಯಿಂದ ಹಾಕಿದ ಒಂದು ರುಜುವು ಎಲ್ಲಿಯವರೆಗೆ ಹೋಗಿ ಮುಟ್ಟಬಹುದೆಂಬುದನ್ನು ವಾಚಕರೇ ಆಲೋಚಿಸಬೇಕು.

ಹುಡುಗಿ ದಡ್ಡಿಯಲ್ಲ. ಅವಳಿಗೆ ಬೇಕಾದುದೊಂದು, ಕಲಿಸಿದುದು ಇನ್ನೊಂದು, ಅಷ್ಟೆ. ರಾಸಾಯನಿಕ ಕಾರಖಾನೆಗಳಲ್ಲಿ ಚಾರ್ಜೆಂದರೆ ಪಾತ್ರೆಗೆ ವಸ್ತುವನ್ನು ಹಾಕುವುದು. ರಾಮನಗರದ ರೇಷ್ಮೆಯ ವ್ಯವಹಾರದಲ್ಲಿ 'ಥ್ರೋಯಿಂಗ್' ಎಂದರೆ ಎಸೆಯುವುದಲ್ಲ, ನೂಲನ್ನು ಹುರಿ ಮಾಡುವುದು. ಚನ್ನಪಟ್ಟಣದ ಬೊಂಬೆಗಳ ವಿಷಯದಲ್ಲಿ 'ಟರ್ನಿಂಗ್' ಎಂದರೆ ಸುಮ್ಮನೆ ತಿರುಗುವುದಲ್ಲ, ಮರವನ್ನು ಕಡೆಯುವುದು. ಯಂತ್ರದ ಭಾಗಗಳನ್ನು ಮಾಡುವವರಿಗೆ 'ಟಾಲರೆನ್ಸ್' ಎಂಬುದು ಸಹನೆಯಲ್ಲ, ಅಳತೆಯಲ್ಲಿ ಇಷ್ಟರ ಮಟ್ಟಿಗೆ ಹೆಚ್ಚುಕಡಮೆಯಾಗಬಹುದೆಂಬ ಮಿತಿ; 'ಪ್ಲೇ' ಎಂಬುದು ಆಟವಲ್ಲ, ಎರಡು ಭಾಗಗಳ ನಡುವಣ ಸಡಿಲ. ಹುಳುಮನೆಯ ಜ್ವರವನ್ನು ಕಾಯಿಲೆಯೆಂದು ತಿಳಿದ ನೆಂಟರನ್ನು ನಾವು ದಡ್ಡರೆನ್ನುವೆವೆ?

ಕಲಿಯುವವನಿಗೆ ಬೇಕಾದ ಇಂಗ್ಲಿಷು ಯಾವುದೆಂದು ಮೊದಲು ವಿಚಾರಿಸಿ ಅನಂತರ ಕಲಿಸಬೇಕೆಂಬ ವಿವೇಕವು ಹೊಸತೇನೂ ಅಲ್ಲ. ಥಾರ್ನ್‌ಡೈಕ್ ಎಂಬ ಅಮೆರಿಕದ ವಿದ್ವಾಂಸರು ಪುಸ್ತಕಗಳಲ್ಲಿ ಯಾವ ಮಾತು ಎಷ್ಟು ಸಲ ಬರುವುದೆಂದು ಎಣಿಸಿ, 1921ರಲ್ಲಿ ಉಪಾಧ್ಯಾಯರಿಗಾಗಿ 10,000 ಪದಗಳ ಪಟ್ಟಿಯನ್ನು ಪ್ರಕಟಿಸಿದರು. ಢಾಕಾದಲ್ಲಿ ಉಪಾಧ್ಯಾಯರ ತರಬೇತಿಯ ಕೆಲಸದಲ್ಲಿದ್ದ ಮೈಕೇಲ್ ವೆಸ್ಟರು ಬಂಗಾಳದ ಹುಡುಗರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದುದು ಇಂಗ್ಲಿಷನ್ನು ಓದಿ ತಿಳಿಯುವ ಶಕ್ತಿಯೆಂದು ಕಂಡುಕೊಂಡರು. ಸುಮಾರು 2,000 ಮುಖ್ಯ ಪದಗಳ ಅವರ ಪಟ್ಟಿಯು 1953ರಲ್ಲಿ ಹೊರಬಿದ್ದಿತು. ನಮ್ಮ ಬೆಂಗಳೂರಿನಲ್ಲಿಯೇ 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ನಡೆಯಿಸಿದ ಪ್ರಯೋಗವು ಬೆಂಗಳೂರು ಪ್ರಾಜೆಕ್ಟ್ ಎಂಬ ಹೆಸರಿನಿಂದ ಲೋಕದ ಉಪಾಧ್ಯಾಯರಿಗೆಲ್ಲ ಪರಿಚಿತವಾಗಿದೆ. ವ್ಯಾಕರಣದ ಸೂತ್ರಗಳನ್ನು ಮುಂದಿಡದೆ, ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಮೊದಲಾದವನ್ನು ಕೊಟ್ಟು, ಅವುಗಳಿಂದ ಉತ್ತರವನ್ನು ಹುಡುಕುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸುತ್ತಿದ್ದರು. ಮನಸ್ಸು ಕೆಲಸದಲ್ಲಿ ತೊಡಗಿದಾಗ ಭಾಷೆ ತಾನಾಗಿ ಒಳಸೇರುವುದೆಂಬುದು ಅವರ ಅಭಿಪ್ರಾಯ.

ಬೇಕಾದುದನ್ನು ಕಲಿಸಬೇಕು, ಸರಿ. ಬೇಕಾದುದು ಯಾವುದೆಂದು ತಿಳಿಯುವುದು ಹೇಗೆ? ಇಲ್ಲಿಯೇ ಯಂತ್ರವು ನೆರವಿಗೆ ಬರುವುದು. ಬಳಕೆಯಲ್ಲಿರುವ ನಿಜವಾದ ಬರಹಗಳನ್ನು ಒಂದೆಡೆ ಗುಡ್ಡೆಹಾಕಿ ಗಣಕಯಂತ್ರಕ್ಕೆ ಒಪ್ಪಿಸಿದರೆ ಅದಕ್ಕೆ ಕಾರ್ಪಸ್ ಎಂದು ಹೆಸರು. ನಾವು ಅದನ್ನು ನುಡಿರಾಶಿಯೆನ್ನೋಣ. ಕಣದಲ್ಲಿ ರಾಶಿ ಮಾಡಿದ ಮೇಲಲ್ಲವೆ ಈ ವರುಷದ ಫಸಲು ಎಷ್ಟು, ಕಾಳು ಎಂಥದೆಂದು ತಿಳಿಯುವುದು? ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಫ್ರಾನ್ಸಿಸ್ ಮತ್ತು ಕುಚೆರಾ ಎಂಬಿಬ್ಬರು 1961ರಲ್ಲಿ ಅಚ್ಚಾದ ಬರಹಗಳಿಂದ ತಲಾ 2,000 ಪದಗಳ 500 ತುಣುಕುಗಳನ್ನು ಆರಿಸಿ, 10 ಲಕ್ಷ ಪದಗಳ ರಾಶಿಯನ್ನು ಮಾಡಿದರು. ಅದನ್ನು ಎಣಿಸಿದಾಗ ಕಂಡುಬಂದ ಸೋಜಿಗವನ್ನು ನೋಡಿರಿ: 'ದಿ' ಎಂಬ ಒಂದೇ ಮಾತು ನೂರಕ್ಕೆ ಸುಮಾರು 7ರಂತೆ ಬಂದಿದ್ದಿತು, ಕೇವಲ 135 ಮಾತುಗಳು ಸೇರಿ ಇಡೀ ರಾಶಿಯ ಅರ್ಧವನ್ನು ತುಂಬಿದ್ದವು. ನಮ್ಮ ನೆರೆಯ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಎಸ್. ವಿ. ಶಾಸ್ತ್ರಿಗಳು ಇದೇ ಕ್ರಮವನ್ನನುಸರಿಸಿ, 1978ರಲ್ಲಿ ಭಾರತೀಯರು ಬರೆದು ಅಚ್ಚುಮಾಡಿಸಿದ ಇಂಗ್ಲಿಷಿನ 10 ಲಕ್ಷ ಪದಗಳನ್ನು ಕೂಡಿಸಿದರು. 1969ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯು ಕನ್ನಡಕ್ಕೂ ನುಡಿರಾಶಿಯನ್ನು ಮಾಡಿದೆ.

ಯಂತ್ರವಿಲ್ಲದ ಕಾಲದಲ್ಲಿ ನಮ್ಮ ಹಿರಿಯರು ಇದನ್ನೇ ಕೈಯಿಂದ ಮಾಡಿದರೆಂಬುದನ್ನು ಮರೆಯಬಾರದು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿಗಾಗಿ ವಿದ್ವಾಂಸರು ಶಾಸನಗಳನ್ನೂ ಕಾವ್ಯಗಳನ್ನೂ ಸಾಲುಸಾಲಾಗಿ ಓದಿ, ಒಂದೊಂದು ಮಾತಿನ ಒಂದೊಂದು ಪ್ರಯೋಗವನ್ನೂ ಚೀಟಿಗಳಲ್ಲಿ ಬರೆದಿಟ್ಟರು. ದಶಕಗಳ ದುಡಿಮೆಯ ಫಲವಾಗಿ ಅದರ 8 ಸಂಪುಟಗಳು 1995ರ ವೇಳೆಗೆ ಪೂರ್ಣವಾದವು. ಚೀಟಿಯ ಪೆಟ್ಟಿಗೆಯ ಕೆಲಸವನ್ನು ಈಗ ಗಣಕಯಂತ್ರವು ಕ್ಷಣಮಾತ್ರದಲ್ಲಿ ಮಾಡುವುದು.

ರಾಶಿ ದೊಡ್ಡದಾದಷ್ಟೂ ಒಳ್ಳೆಯದೆಂದು ತೋರಬಹುದು. ನಿಘಂಟನ್ನು ಮಾಡುವವರಿಗೆ ಅದು ನಿಜ. ಕಸುಬಿಗಾಗಿ ಕಲಿಯುವವನಿಗಾದರೋ ರಾಶಿಯು ಚಿಕ್ಕದಾಗಿದ್ದರೂ ಅವನ ಕಸುಬಿನದೇ ಆಗಿರಬೇಕು. ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ ಎಂಬವರು ಕಾಲೇಜಿನ ಓದಿಗೆ ಸಂಬಂಧಿಸಿದ 35 ಲಕ್ಷ ಪದಗಳ ರಾಶಿಯನ್ನು ಜಾಲಾಡಿ, 2000ನೆಯ ಇಸವಿಯಲ್ಲಿ 570 ಪದಕುಟುಂಬಗಳ ಪಟ್ಟಿಯನ್ನು ಕೊಟ್ಟರು. ವೆಸ್ಟರ 2,000 ಪದಗಳನ್ನು ಬಿಟ್ಟು ಆರಿಸಿದ ಈ ಸಣ್ಣ ಪಟ್ಟಿಯೇ ಪಾಂಡಿತ್ಯದ ಬರಹಗಳಲ್ಲಿ ನೂರಕ್ಕೆ ಸುಮಾರು 10 ಪಾಲನ್ನು ಆಕ್ರಮಿಸಿರುವುದು. ವಿದ್ಯಾರ್ಥಿಗೆ ಇದು ಎಷ್ಟು ದೊಡ್ಡ ಉಳಿತಾಯ!

ಎಣಿಕೆಗಿಂತಲೂ ಹೆಚ್ಚಿನ ಪ್ರಯೋಜನವೊಂದುಂಟು. ಒಂದು ಮಾತನ್ನು ಕೇಳಿದರೆ ಸಾಕು, ರಾಶಿಯಲ್ಲಿ ಅದು ಬಂದ ಸಾಲುಗಳನ್ನೆಲ್ಲ ಯಂತ್ರವು ಒಂದರ ಕೆಳಗೊಂದು ಜೋಡಿಸಿ, ಆ ಮಾತು ನಡುವೆ ನಿಲ್ಲುವಂತೆ ತೋರಿಸುವುದು. ಇದಕ್ಕೆ ಕಾಂಕಾರ್ಡೆನ್ಸ್ ಎಂದು ಹೆಸರು. ನಮ್ಮ ಹುಡುಗಿಯನ್ನು ಅಳಿಸಿದ ಮಾತನ್ನೇ ತೆಗೆದುಕೊಳ್ಳೋಣ. ಅದು ಬರುವ ಸಾಲುಗಳು ಈ ಮಾದರಿಯವಾಗಿರುವುವು:

ಚಾರ್ಜ್ ವಾಟರ್ ಇಂಟು ದಿ ರಿಯಾಕ್ಟರ್.
ಚಾರ್ಜ್ ದಿ ಸಾಲ್ವೆಂಟ್ ಸ್ಲೋಲಿ.
ಬಿಫೋರ್ ಚಾರ್ಜಿಂಗ್, ಚೆಕ್ ದಿ ವೇಟ್.

ನಿಘಂಟನ್ನು ತೆರೆಯದೆಯೇ ನೋಡಿರಿ. ಈ ಮಾತಿನ ಮುಂದೆ ನೀರೋ ದ್ರಾವಕವೋ ನಿಂತಿದೆ. 'ಇಂಟು' ಎಂಬುದು ಒಂದು ಪಾತ್ರೆಯನ್ನು ತೋರಿಸುತ್ತಿದೆ. ಅದಕ್ಕೂ ಮೊದಲು ತೂಕವನ್ನು ನೋಡಬೇಕಾಗಿದೆ. ಹಾಗಾದರೆ ಇದು ಹಾಕುವ ಕೆಲಸವಲ್ಲದೆ ಮತ್ತೇನು? ಮಾತಿನ ಅರ್ಥವನ್ನು ಅದರ ಒಡನಾಡಿಗಳೇ ಹೇಳಿಬಿಟ್ಟವು. ನಮ್ಮ ಮಕ್ಕಳು 'ಹಿಡಿ' ಎಂಬ ಕನ್ನಡ ಮಾತನ್ನು ಕಲಿತುದೂ ಹೀಗೆಯೇ ಅಲ್ಲವೆ? ಅನ್ನ ತಳ ಹಿಡಿಯಿತು, ಮಳೆ ಹಿಡಿಯಿತು, ಕಬ್ಬಿಣಕ್ಕೆ ತುಕ್ಕು ಹಿಡಿಯಿತು, ಅವನಿಗೆ ಹಟ ಹಿಡಿಯಿತು. ಯಾವ ತಾಯಿಯೂ ಇವುಗಳಿಗೆ ಅರ್ಥ ಹೇಳಿ ಬಾಯಿಪಾಠ ಮಾಡಿಸಲಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದಲ್ಲಿ ಟಿಮ್ ಜಾನ್ಸ್ ಎಂಬ ಉಪಾಧ್ಯಾಯರು ಹೊರದೇಶಗಳಿಂದ ಬಂದ ವಿದ್ಯಾರ್ಥಿಗಳ ಮುಂದೆ ಇಂಥ ಸಾಲುಗಳನ್ನೇ ಇಟ್ಟು, ಅರ್ಥವನ್ನು ಅವರೇ ಶೋಧಿಸುವಂತೆ ಮಾಡಿದರು. ತಾನು ಕಂಡುಹಿಡಿದ ಅರ್ಥವನ್ನು ಯಾರೂ ಸುಲಭವಾಗಿ ಮರೆಯುವುದಿಲ್ಲ.

ನಮ್ಮ ಹುಡುಗಿಗೂ ಇದನ್ನೇ ಮಾಡಿಸಿದೆವು. ಕಾರಖಾನೆಯ ಕಾಗದಗಳನ್ನು ಅಪ್ಪಣೆಯಿಲ್ಲದೆ ಮನೆಗೆ ತರುವುದು ತಪ್ಪು. ಅದನ್ನು ಮೊದಲೇ ಕಟ್ಟುನಿಟ್ಟಾಗಿ ಹೇಳಿದೆವು. ಆದರೆ ರಾಸಾಯನಿಕಗಳನ್ನು ಮಾರುವವರು ಪ್ರತಿಯೊಂದು ವಸ್ತುವಿಗೂ 'ಸೇಫ್ಟಿ ಡೇಟಾ ಷೀಟ್' ಎಂಬ ಎಚ್ಚರಿಕೆಯ ಪತ್ರವನ್ನು ಬಹಿರಂಗವಾಗಿಯೇ ಒದಗಿಸುವರು. ಲೋಕದ ಹಲವು ದೇಶಗಳಲ್ಲಿ ಒಪ್ಪಿತವಾದ ಕ್ರಮದಂತೆ ಅದರಲ್ಲಿ 16 ಭಾಗಗಳಿರುವುವು: 2ನೆಯದು ಅಪಾಯಗಳನ್ನೂ, 4ನೆಯದು ಪ್ರಥಮ ಚಿಕಿತ್ಸೆಯನ್ನೂ, 5ನೆಯದು ಬೆಂಕಿ ಆರಿಸುವುದನ್ನೂ, 7ನೆಯದು ವಸ್ತುವನ್ನು ಬಳಸಿ ಇಡುವ ಬಗೆಯನ್ನೂ ತಿಳಿಸುವುದು. ಅಂಥ ಪತ್ರಗಳನ್ನು ಅವಳು ಸೋದರಮಾವನ ಮಗನ ಗಣಕಯಂತ್ರದಲ್ಲಿ ಕೂಡಿಸಿದಳು. ಜಪಾನಿನ ವಾಸೆದಾ ವಿಶ್ವವಿದ್ಯಾಲಯದ ಲಾರೆನ್ಸ್ ಆಂಟನಿ ಎಂಬವರು ರಚಿಸಿದ 'ಆಂಟ್‌ಕಾಂಕ್' ಎಂಬ ಸಾಧನವು ಹಣವಿಲ್ಲದೆ ದೊರೆಯುವುದು. ಮೇಲೆ ಹೇಳಿದ ಎಣಿಕೆಯನ್ನೂ ಸಾಲುಗಳ ಜೋಡಣೆಯನ್ನೂ ಅದು ಮಾಡಿಕೊಡುವುದು. ದಿ, ಆಫ್, ಆ್ಯಂಡ್ ಇವುಗಳನ್ನು ಬಿಟ್ಟರೆ ಅವಳ ಪಟ್ಟಿಯ ತಲೆಯಲ್ಲಿ ಅವಾಯ್ಡ್, ಕಾಂಟ್ಯಾಕ್ಟ್, ಸ್ಕಿನ್, ಐಸ್, ವೇರ್, ರಿನ್ಸ್, ಸ್ಟೋರ್ ಎಂಬ ಮಾತುಗಳು ಸಾಲಾಗಿ ನಿಂತಿದ್ದವು. "ಇಷ್ಟೇನಾ ತಾತ?" ಎಂದಳು. ಅದೊಂದು ಪ್ರಶ್ನೆಯಲ್ಲಿ ಅವಳ ಅರ್ಧ ಭಯ ಹೋಗಿದ್ದಿತು.

ಪಟ್ಟಿಯ ಮಾತುಗಳಿಗೆ ದಿನಕ್ಕೆ ಐದರಂತೆ ಸಾಲುಗಳನ್ನು ತೆಗೆದು, ಸಾಲಿನ ಎದುರಿಗೆ ತನ್ನ ಕನ್ನಡದಲ್ಲಿ ಅರ್ಥವನ್ನು ಬರೆದಳು. ರಾತ್ರಿ ಊಟವಾದ ಮೇಲೆ ಅದನ್ನು ತಾಯಿಗೆ ಓದಿ ಹೇಳುವುದು ನಿಯಮವಾಯಿತು. ತಾಯಿಗೆ ಇಂಗ್ಲಿಷು ಬಾರದು. ಆದರೂ "ಕಣ್ಣಿಗೆ ಬಿದ್ರೆ ಎಷ್ಟೊತ್ತು ನೀರಾಕಬೇಕಂತೆ?" ಎಂದು ಆಕೆ ಕೇಳುವಳು. ಮಗಳು ಮತ್ತೆ ಸಾಲನ್ನು ನೋಡಿ ಹೇಳಬೇಕಾಗುವುದು. ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವ ಶಾಲೆಯಲ್ಲಿಯೂ ಇಲ್ಲ.

ಇಲ್ಲಿ ಕೆಲವು ಎಚ್ಚರಿಕೆಗಳನ್ನು ಹೇಳಲೇಬೇಕು.

ಮೊದಲನೆಯದು, ಹೆಚ್ಚು ಸಲ ಬಂದ ಮಾತೇ ಹೆಚ್ಚು ಮುಖ್ಯವೆಂದು ಭಾವಿಸಬಾರದು. ರಾಶಿಯಲ್ಲಿ ಒಮ್ಮೆ ಮಾತ್ರ ಬಂದ ಮಾತು ಪ್ರಾಣಕ್ಕೆ ಸಂಬಂಧಿಸಿದುದಾಗಿರಬಹುದು. 'ಫ್ಲೇಮಬಲ್' ಎಂದರೆ ಬೇಗ ಹೊತ್ತಿಕೊಳ್ಳುವುದು. 'ಇನ್‌ಫ್ಲೇಮಬಲ್' ಎಂದರೆ? ಮುಂದಿರುವ 'ಇನ್' ಎಂಬುದನ್ನು ನೋಡಿ ಹೊತ್ತಿಕೊಳ್ಳದಿರುವುದೆಂದು ತಿಳಿಯುವವರುಂಟು. ಎರಡರ ಅರ್ಥವೂ ಒಂದೇ! ಇಂಥ ಮಾತುಗಳನ್ನು ಯಂತ್ರವು ಆರಿಸಿಕೊಡಲಾರದು. ಕಸುಬಿನಲ್ಲಿ ನುರಿತ ಹಿರಿಯರನ್ನು ಕೇಳಿ ಕೆಂಪು ಶಾಯಿಯಲ್ಲಿ ಬೇರೆ ಬರೆದುಕೊಳ್ಳಬೇಕು.

ಎರಡನೆಯದು, ಸಣ್ಣ ಮಾತುಗಳನ್ನು ಕಡೆಗಣಿಸಬಾರದು. ಗುಣಮಟ್ಟದ ನಿಯಮಗಳಲ್ಲಿ 'ಷಲ್' ಎಂದರೆ ಮಾಡಲೇಬೇಕು. 'ಷುಡ್' ಎಂದರೆ ಮಾಡುವುದು ಒಳ್ಳೆಯದು. 'ಮೇ' ಎಂದರೆ ಮಾಡಬಹುದು. ಮೂರನ್ನೂ ಒಂದೇ ಎಂದು ತಿಳಿದು ಓದಿದವನು ನಿಯಮವನ್ನೇ ಓದಲಿಲ್ಲವೆನ್ನಬೇಕು.

ಮೂರನೆಯದು, ಈಚೆಗೆ ಪ್ರಶ್ನೆ ಕೇಳಿದರೆ ಉತ್ತರ ಹೇಳುವ ಕೃತಕ ಬುದ್ಧಿಯ ಯಂತ್ರಗಳು ಎಲ್ಲರ ಕೈಯಲ್ಲಿಯೂ ಬಂದಿವೆ. ಅವೂ ಅಪಾರವಾದ ನುಡಿರಾಶಿಯನ್ನು ಉಂಡು ಬೆಳೆದವೇ. ಅಭ್ಯಾಸಕ್ಕೆ ವಾಕ್ಯಗಳನ್ನು ಕಟ್ಟಿಕೊಡುವುದರಲ್ಲಿ, ಬೇಸರವಿಲ್ಲದೆ ಹತ್ತು ಸಲ ವಿವರಿಸುವುದರಲ್ಲಿ ಅವು ಉಪಕಾರಿಗಳು. ಆದರೆ ತಪ್ಪನ್ನೂ ಸರಿಯಷ್ಟೇ ಧೈರ್ಯದಿಂದ ಹೇಳುವುದು ಅವುಗಳ ದೋಷ. ಆದುದರಿಂದ ಅವುಗಳ ಮಾತನ್ನು ನಿಜವಾದ ಪತ್ರದ ಸಾಲಿನೊಡನೆ ಒರೆಗೆ ಹಚ್ಚಿ ನೋಡದೆ ನಂಬತಕ್ಕದ್ದಲ್ಲ. ಕಾರಖಾನೆಯ ಗುಟ್ಟಿನ ಕಾಗದಗಳನ್ನು ಅವುಗಳಿಗೆ ಉಣಿಸತಕ್ಕದ್ದೂ ಅಲ್ಲ.

ಮಾತನಾಡುವ ಇಂಗ್ಲಿಷು ಬೇಡವೆಂದು ನಾವು ಹೇಳುತ್ತಿಲ್ಲ. ಕಾರಖಾನೆಯಲ್ಲಿ ಮಾತನಾಡಬೇಕಾದ ಸಂದರ್ಭಗಳು ಬೇಕಾದಷ್ಟಿವೆ. ಆದರೆ ಅಲ್ಲಿ ಮೊಟ್ಟಮೊದಲು ಬರಬೇಕಾದ ವಾಕ್ಯವು ತನ್ನ ಪರಿಚಯದ್ದಲ್ಲ. "ಇದು ನನಗೆ ತಿಳಿಯಲಿಲ್ಲ, ದಯವಿಟ್ಟು ತೋರಿಸಿರಿ" ಎಂಬುದು. ಅದನ್ನು ನಾಚಿಕೆಯಿಲ್ಲದೆ ಹೇಳುವ ಎದೆ ಬೇಕು. ಕನ್ನಡದಲ್ಲಿ ಹೇಳಿದರೂ ಅಡ್ಡಿಯಿಲ್ಲ.

ಹುಡುಗಿ ಕೆಲಸವನ್ನು ಬಿಡಲಿಲ್ಲ. ಮೊನ್ನೆ ಭಾನುವಾರ ಬಂದಾಗ ಒಂದು ಸಂಗತಿ ಹೇಳಿದಳು. ಹಾಳೆಯೊಂದರಲ್ಲಿ ತಿಳಿಯದ ಮಾತು ಬಂದಿತಂತೆ. ರುಜು ಮಾಡದೆ ಮೇಲಿನವರ ಬಳಿಗೆ ಒಯ್ದು ಕೇಳಿದಳಂತೆ. ಈ ಸಲವೂ ಒಬ್ಬಿಬ್ಬರು ನಕ್ಕರಂತೆ. "ನಗ್ಲಿ ಬಿಡಿ ತಾತ, ತಿಳ್ಕೊಂಡೇ ಸೈನ್ ಹಾಕ್ದೆ," ಎಂದಳು. ತಂದೆ ಏನೂ ಹೇಳಲಿಲ್ಲ. ಹುಳುಗಳಿಗೆ ಸೊಪ್ಪು ಹಾಕುವ ಹೊತ್ತಾಯಿತೆಂದು ಎದ್ದುಹೋದನು. ಆತನ ಮುಖದಲ್ಲಿದ್ದ ಸಂತೋಷವನ್ನು ನಾವು ಕಾಣದೆ ಇರಲಿಲ್ಲ.

ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಮಕ್ಕಳನ್ನು ಇಂಗ್ಲಿಷು ತರಗತಿಗೆ ಸೇರಿಸುವ ಮುನ್ನ, ಅವರು ನಾಳೆ ಯಾವ ಹಾಳೆಯನ್ನು ಓದಬೇಕಾಗಿದೆಯೆಂದು ಕೇಳಿರಿ. ಅಂಥ ಹಾಳೆಯನ್ನು ಅಲ್ಲಿ ಓದಿಸುವರೇ ಎಂದು ವಿಚಾರಿಸಿರಿ. ಓದಿಸದಿದ್ದರೆ ಆ ಹಣವನ್ನು ಉಳಿಸಿಕೊಂಡು ಮನೆಯಲ್ಲಿಯೇ ಒಂದು ಸಣ್ಣ ರಾಶಿಯನ್ನು ಮಾಡಿರಿ. ಗಣಕಯಂತ್ರವಿಲ್ಲದಿದ್ದರೆ ಒಂದು ನೋಟುಬುಕ್ಕು ಸಾಕು. ಮಗಳು ಓದಿ ಹೇಳುವಾಗ ಕೇಳುವವರೊಬ್ಬರು ಮನೆಯಲ್ಲಿರಲಿ.